ಮೂಗಿಗಿಂತ ಮೂಗುತಿ ಭಾರ

ಮಗಳ ಲ್ಯಾಪ್‌ಟಾಪಿನ ಕೀಬೋರ್ಡಿನಲ್ಲಿ ಒಂದೇ ಒಂದು ಕೀ ಕಿತ್ತುಬಂತು. ಇಂಗ್ಲಿಷಿನ ‘ಇ’ ಅಕ್ಷರದ್ದು. ಅವಳದು ಎಂಜಿನಿಯರಿಂಗ್ ಮೂರನೇ ವರ್ಷ. ಪ್ರಾಜೆಕ್ಟ್ ವರದಿ ಒಪ್ಪಿಸಲು ಉಳಿದಿದ್ದದ್ದು ನಾಲ್ಕೇ ದಿನ. ‘ಅಪ್ಪಾ, ಬೇರೆ ಯಾವ ಅಕ್ಷರ ಹೋಗಿದ್ರೂ ಹೇಗೋ ಮಾಡ್ತಿದ್ದೆ. ಇದಿಲ್ಲದೆ ಒಂದು ಸಾಲೂ ಬರೆಯೋಕಾಗಲ್ಲ’ ಎಂದು ಕಣ್ಣಲ್ಲಿ ನೀರು ತಂದುಕೊಂಡಳು.

ಕಂಪೆನಿಯ ಸೇವಾಕೇಂದ್ರಕ್ಕೆ ಒಯ್ದೆವು. ಅಲ್ಲಿದ್ದ ಯುವಕ ಯಂತ್ರವನ್ನು ತಿರುಗಿಸಿ ನೋಡಿ, ಕಂಪ್ಯೂಟರಿನಲ್ಲಿ ಏನೋ ಹುಡುಕಿ, ‘ಕೀ ಒಂದೇ ಸಿಗೋದಿಲ್ಲ ಸಾರ್, ಕೀಬೋರ್ಡ್ ಒಂದೇ ಸಹ ಸಿಗೋದಿಲ್ಲ. ಮೇಲಿನ ಭಾಗ ಪೂರ್ತಿ ಬದಲಾಯಿಸಬೇಕು. 14,800 ರೂಪಾಯಿ ಆಗುತ್ತೆ. ಬರೋದಕ್ಕೆ ಎರಡು ವಾರ’ ಎಂದ. ಆ ಲ್ಯಾಪ್‌ಟಾಪಿಗೆ ನಾವು ಕೊಟ್ಟಿದ್ದದ್ದು 42,000 ರೂಪಾಯಿ. ಒಂದು ಅಕ್ಷರಕ್ಕೆ ಮೂರನೇ ಒಂದು ಭಾಗ!

ಅಲ್ಲಿಂದ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದೆವು. ಅಲ್ಲಿಯ ಚಿಕ್ಕ ಅಂಗಡಿಯೊಂದರ ರಿಪೇರಿಯವರು ಹಿಂಬದಿ ಬಿಚ್ಚಿ ತೋರಿಸಿದರು. ‘ನೋಡಿ ಸಾರ್, ಹಳೇ ಮಾಡೆಲ್‌ಗಳಲ್ಲಿ ನಾಲ್ಕು ಸ್ಕ್ರೂ ಬಿಚ್ಚಿದ್ರೆ ಕೀಬೋರ್ಡ್ ಕೈಗೆ ಬರ್ತಿತ್ತು. ಇದರಲ್ಲಿ ಪ್ಲಾಸ್ಟಿಕ್ ಗುಬಟು ಕಾಯಿಸಿ ಒತ್ತಿಬಿಟ್ಟಿದ್ದಾರೆ. ಕಿತ್ತರೆ ಮತ್ತೆ ಸರಿಯಾಗಿ ಕೂರಲ್ಲ’ ಎಂದರು. ಕೊನೆಗೆ 450 ರೂಪಾಯಿಯ ಹೊರಗಿನ ಕೀಬೋರ್ಡ್ ಒಂದನ್ನು ಕೊಂಡು ತಂದೆವು. ವರದಿ ಸಮಯಕ್ಕೆ ಮುಗಿಯಿತು. ಆದರೆ ಮಡಿಲಲ್ಲಿಟ್ಟುಕೊಂಡು ಬಳಸಲೆಂದೇ ಹುಟ್ಟಿದ ಯಂತ್ರ ಅಂದಿನಿಂದ ಮೇಜು ಬಿಟ್ಟು ಏಳಲಿಲ್ಲ.

ಆ ಸಂಜೆ ಮನೆಗೆ ಮರಳುವಾಗ ನನ್ನನ್ನು ಕಾಡಿದ್ದು ಕಿತ್ತುಹೋದ ಕೀ ಅಲ್ಲ. ಸ್ಕ್ರೂ ಇದ್ದ ಜಾಗದಲ್ಲಿ ಗುಬಟು ಒತ್ತಬೇಕೆಂದು ಎಲ್ಲೋ ಯಾರೋ ಒಂದು ಮೇಜಿನ ಸುತ್ತ ಕುಳಿತು ತೀರ್ಮಾನಿಸಿದ್ದರಲ್ಲ, ಆ ತೀರ್ಮಾನ. ಅವರಿಗೆ ಉಳಿದದ್ದು ಪ್ರತಿ ಯಂತ್ರಕ್ಕೆ ಕೆಲವೇ ರೂಪಾಯಿ ಇರಬಹುದು. ಅದರ ಬಿಲ್ಲು ಎರಡೂವರೆ ವರ್ಷದ ನಂತರ ನಮ್ಮ ಮನೆಗೆ ಬಂತು.

ವಿನ್ಯಾಸವೆಂದರೆ ಅಂದಚೆಂದ, ಬಣ್ಣ, ತೆಳುವು ಎಂದು ನಾವು ತಿಳಿದಿದ್ದೇವೆ. ಬೆಲೆಯೆಂದರೆ ಡಬ್ಬಿಯ ಮೇಲೆ ಅಚ್ಚಾದ ಅಂಕಿ ಎಂದು ತಿಳಿದಿದ್ದೇವೆ. ಎರಡೂ ಅರ್ಧ ಸತ್ಯ. ಯಾವುದನ್ನು ಅಂಟಿಸಬೇಕು, ಯಾವುದನ್ನು ಬೆಸೆಯಬೇಕು, ಡಬ್ಬಿಯಿಂದ ಏನನ್ನು ತೆಗೆಯಬೇಕು ಎಂಬ ಪ್ರತಿಯೊಂದು ವಿನ್ಯಾಸವೂ ಒಂದು ಬೆಲೆಯೇ. ಅದು ಇಂದು ಕಾಣುವುದಿಲ್ಲ, ಅಷ್ಟೇ.

ಎರಡು ಬ್ಯಾಟರಿಗಳ ಕಥೆ

ಈ ಮಾತಿಗೆ ನಮ್ಮ ನೆನಪಿನಲ್ಲೇ ಒಳ್ಳೆಯ ಉದಾಹರಣೆಯಿದೆ. 2003ರಲ್ಲಿ ಬಂದ ನೋಕಿಯಾ 1100 ಫೋನನ್ನು ಕಾಣದ ಮನೆ ನಮ್ಮ ರಾಜ್ಯದಲ್ಲಿ ಕಡಿಮೆ. ಧೂಳು ನುಗ್ಗದ ಕೀಲಿಮಣೆ, ಬೆವರಿದ ಕೈಯಿಂದ ಜಾರದ ಮೈ, ಕರೆಂಟು ಹೋದಾಗ ನೆರವಾಗುವ ಟಾರ್ಚು. ನಮ್ಮಂಥ ದೇಶಗಳ ಜನರನ್ನು ಕಣ್ಣೆದುರಿಗೆ ಇಟ್ಟುಕೊಂಡು ಮಾಡಿದ ಆ ಫೋನು ಜಗತ್ತಿನಾದ್ಯಂತ 25 ಕೋಟಿಗೂ ಹೆಚ್ಚು ಮಾರಾಟವಾಯಿತು. ಅದರೊಳಗಿದ್ದದ್ದು ಬಿಎಲ್-5ಸಿ ಎಂಬ ಬ್ಯಾಟರಿ. ಅದೇ ಬ್ಯಾಟರಿ ಆ ಕಂಪೆನಿಯ ಇನ್ನೂ ಹಲವು ಫೋನುಗಳಿಗೆ ಹೊಂದುತ್ತಿತ್ತು.

2007ರ ಆಗಸ್ಟ್‌ನಲ್ಲಿ ಒಂದು ಸುದ್ದಿ ಬಂತು. ಜಪಾನಿನ ಮತ್ಸುಶಿತಾ ಕಂಪೆನಿ ತಯಾರಿಸಿದ 4.6 ಕೋಟಿ ಬಿಎಲ್-5ಸಿ ಬ್ಯಾಟರಿಗಳು ಚಾರ್ಜ್ ಆಗುವಾಗ ಅತಿಯಾಗಿ ಬಿಸಿಯಾಗಬಹುದು, ಅವನ್ನು ಉಚಿತವಾಗಿ ಬದಲಿಸಿಕೊಡುತ್ತೇವೆ ಎಂದು ನೋಕಿಯಾ ಪ್ರಕಟಿಸಿತು. ನಮ್ಮಲ್ಲೂ ಗಾಬರಿಯೋ ಗಾಬರಿ. ಆದರೆ ಜನ ಮಾಡಿದ್ದೇನು? ಹೆಬ್ಬೆರಳಿನಿಂದ ಹಿಂಬದಿಯ ಮುಚ್ಚಳ ಸರಿಸಿದರು, ಬ್ಯಾಟರಿ ತೆಗೆದು ಅದರ ಮೇಲಿನ ಸಂಖ್ಯೆ ಓದಿದರು. ಕೆಟ್ಟದ್ದಾಗಿದ್ದರೆ ಬ್ಯಾಟರಿ ಬದಲಾಯಿತು. ಫೋನು ಉಳಿಯಿತು, ಅದರಲ್ಲಿದ್ದ ನಂಬರುಗಳೂ ಉಳಿದವು.

ಒಂಬತ್ತು ವರ್ಷ ಕಳೆದು 2016ಕ್ಕೆ ಬನ್ನಿ. ಸ್ಯಾಮ್‌ಸಂಗ್ ಗ್ಯಾಲಕ್ಸಿ ನೋಟ್ 7 ಆಗಸ್ಟ್‌ನಲ್ಲಿ ಮಾರುಕಟ್ಟೆಗೆ ಬಂತು. ಅದರ ಬ್ಯಾಟರಿಗಳಿಗೆ ಬೆಂಕಿ ಹತ್ತತೊಡಗಿತು. 2014ರ ನೋಟ್ 4ರ ತನಕ ಈ ಸಾಲಿನ ಫೋನುಗಳ ಬ್ಯಾಟರಿಯನ್ನು ಬಳಕೆದಾರರೇ ತೆಗೆಯಬಹುದಿತ್ತು. ಈಗ ಅದು ಗಾಜು, ಅಂಟಿನ ನಡುವೆ ಸೇರಿಹೋಗಿತ್ತು. ಹೀಗಾಗಿ ವಾಪಸು ಕರೆಸಬೇಕಾದದ್ದು ಬ್ಯಾಟರಿಯನ್ನಲ್ಲ, ಸುಮಾರು 25 ಲಕ್ಷ ಫೋನುಗಳನ್ನು. ಬದಲಿಗೆ ಕೊಟ್ಟ ಫೋನುಗಳಿಗೂ ಬೆಂಕಿ ಹತ್ತಿದಾಗ ಅಕ್ಟೋಬರ್‌ನಲ್ಲಿ ಆ ಮಾದರಿಯನ್ನೇ ಕೈಬಿಡಬೇಕಾಯಿತು. ವಿಮಾನಗಳಲ್ಲಿ ಅದನ್ನು ಒಯ್ಯುವುದನ್ನೇ ನಿಷೇಧಿಸಿದರು. ಒಂದು ಬಿಡಿಭಾಗದ ದೋಷಕ್ಕೆ ಇಡೀ ಯಂತ್ರ ಬಲಿಯಾಯಿತು. ಕಂಪೆನಿಗೇ ಅದರ ಬಿಸಿ ತಟ್ಟಿತು.

ಅಂಟಿಸುವುದಕ್ಕೆ ಕಂಪೆನಿಗಳು ಕಾರಣ ಕೊಡುತ್ತವೆ. ಫೋನು ತೆಳ್ಳಗಾಗುತ್ತದೆ, ಗಟ್ಟಿಯಾಗುತ್ತದೆ, ನೀರು ಒಳಗೆ ಹೋಗುವುದಿಲ್ಲ, ಅದೇ ಜಾಗದಲ್ಲಿ ದೊಡ್ಡ ಬ್ಯಾಟರಿ ಕೂರುತ್ತದೆ ಎನ್ನುತ್ತವೆ. ಇದೆಲ್ಲ ಸುಳ್ಳಲ್ಲ. ಮಳೆಗಾಲದಲ್ಲಿ ಜೇಬಿನಲ್ಲೇ ನೆನೆದು ಬದುಕಿ ಉಳಿದ ಫೋನುಗಳನ್ನು ನಾವೂ ಕಂಡಿದ್ದೇವೆ. ಆದರೆ 2014ರ ಗ್ಯಾಲಕ್ಸಿ ಎಸ್5 ಫೋನಿನ ಹಿಂಬದಿ ಉಗುರಿನಿಂದ ತೆಗೆಯಬಹುದಿತ್ತು, ಬ್ಯಾಟರಿ ಬದಲಿಸಬಹುದಿತ್ತು, ಹಾಗಿದ್ದೂ ಅದು ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆದುಕೊಳ್ಳುವಂತೆ ತಯಾರಾಗಿತ್ತು. ಅಂದರೆ ಎರಡನ್ನೂ ಒಟ್ಟಿಗೆ ಕೊಡುವುದು ಅಸಾಧ್ಯವೇನಲ್ಲ. ಕೊಡಬೇಕೆಂಬ ಮನಸ್ಸು ಇರಬೇಕು.

ಮನಸ್ಸು ಯಾಕೆ ಬರುವುದಿಲ್ಲ?

ಹೆಚ್ಚು ಕಾಲ ಬಾಳುವ ವಸ್ತು ಮಾರುವವನಿಗೆ ಅಷ್ಟೇನೂ ಪ್ರಿಯವಲ್ಲ. ಇದು ಇಂದಿನ ಮಾತಲ್ಲ. 1924ರಲ್ಲಿ ಜಗತ್ತಿನ ದೊಡ್ಡ ಬಲ್ಬು ತಯಾರಕರು ಜಿನೀವಾದಲ್ಲಿ ‘ಫೀಬಸ್’ ಎಂಬ ಒಕ್ಕೂಟ ಮಾಡಿಕೊಂಡರು. ಆಗ 1,500ರಿಂದ 2,000 ಗಂಟೆ ಉರಿಯುತ್ತಿದ್ದ ಬಲ್ಬುಗಳ ಆಯುಷ್ಯವನ್ನು 1,000 ಗಂಟೆಗೆ ಇಳಿಸಲು ಒಪ್ಪಂದವಾಯಿತು. ಯಾವ ಕಂಪೆನಿಯ ಬಲ್ಬು ಅದಕ್ಕಿಂತ ಬಹಳ ಹೆಚ್ಚು ಕಾಲ ಉರಿಯಿತೋ ಆ ಕಂಪೆನಿಗೆ ದಂಡ! ಎರಡನೇ ಮಹಾಯುದ್ಧ ಬಂದು ಆ ಒಕ್ಕೂಟ ಚದುರಿತು.

ಈ ಕಾಲದ ಉದಾಹರಣೆ ಬೇಕೆಂದರೆ ಐಫೋನಿನದನ್ನು ನೋಡಿ. 2017ರ ಡಿಸೆಂಬರ್‌ನಲ್ಲಿ ಆ್ಯಪಲ್ ಒಂದು ಸಂಗತಿ ಒಪ್ಪಿಕೊಂಡಿತು. ಬ್ಯಾಟರಿ ಹಳೆಯದಾದ ಫೋನುಗಳು ಇದ್ದಕ್ಕಿದ್ದಂತೆ ಆರಿಹೋಗದಿರಲಿ ಎಂದು ತಂತ್ರಾಂಶದ ಮೂಲಕ ಅವುಗಳ ವೇಗವನ್ನು ತಗ್ಗಿಸಿದ್ದಾಗಿ ಹೇಳಿತು. ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಫೋನು ನಿಧಾನವಾದದ್ದನ್ನು ಕಂಡ ಬಳಕೆದಾರ ‘ಇದಕ್ಕೆ ವಯಸ್ಸಾಯಿತು, ಹೊಸದು ಕೊಳ್ಳೋಣ’ ಎಂದುಕೊಂಡ. ಬ್ಯಾಟರಿ ಬದಲಿಸಿದರೆ ಸಾಕೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಗಲಾಟೆಯಾದ ಮೇಲೆ ಅಮೆರಿಕದಲ್ಲಿ 79 ಡಾಲರ್ ಇದ್ದ ಬ್ಯಾಟರಿ ಬದಲಾವಣೆಯ ದರವನ್ನು 2018ರ ಮಟ್ಟಿಗೆ 29 ಡಾಲರಿಗೆ ಇಳಿಸಿದರು. 2020ರ ಫೆಬ್ರುವರಿಯಲ್ಲಿ ಫ್ರಾನ್ಸ್ 2.5 ಕೋಟಿ ಯೂರೊ ದಂಡ ಹಾಕಿತು.

ಸ್ವಾರಸ್ಯ ಇರುವುದು ಮುಂದೆ. 2019ರ ಜನವರಿಯಲ್ಲಿ ಕಂಪೆನಿಯ ಮುಖ್ಯಸ್ಥ ಟಿಮ್ ಕುಕ್ ಹೂಡಿಕೆದಾರರಿಗೆ ಪತ್ರ ಬರೆದು, ವರಮಾನ ನಿರೀಕ್ಷೆಗಿಂತ ಕಡಿಮೆಯಾಗಲಿದೆ ಎಂದರು. ಚೀನಾದಲ್ಲಿ ವ್ಯಾಪಾರ ಕುಸಿದದ್ದು ಮುಖ್ಯ ಕಾರಣ. ಕೊಟ್ಟ ಇತರ ಕಾರಣಗಳಲ್ಲಿ ಇದೂ ಒಂದು: ಕಡಿಮೆ ದರದಲ್ಲಿ ಬ್ಯಾಟರಿ ಬದಲಿಸಿಕೊಂಡ ಗ್ರಾಹಕರು ಹೊಸ ಫೋನು ಕೊಳ್ಳುವುದನ್ನು ಮುಂದೂಡಿದ್ದಾರೆ! ರಿಪೇರಿ ಅಗ್ಗವಾದರೆ ಮಾರಾಟ ತಗ್ಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಯಾವ ಗ್ರಾಹಕ ಸಂಘಟನೆಗೂ ಸಿಗಲಾರದು.

ತೆಗೆದದ್ದೂ ಬೆಲೆಯೇ

ಅಂಟಿಸುವುದು ಒಂದು ಬಗೆಯಾದರೆ ತೆಗೆಯುವುದು ಇನ್ನೊಂದು. 2016ರಲ್ಲಿ ಐಫೋನ್ 7 ಬಂದಾಗ ಇಯರ್‌ಫೋನ್ ಸಿಕ್ಕಿಸುವ ತೂತೇ ಮಾಯವಾಗಿತ್ತು. ಅದನ್ನು ಕಂಪೆನಿ ವೇದಿಕೆಯ ಮೇಲೆ ‘ಧೈರ್ಯ’ ಎಂದು ಕರೆಯಿತು. ಅದೇ ವೇದಿಕೆಯಲ್ಲಿ 159 ಡಾಲರಿನ ತಂತಿಯಿಲ್ಲದ ಇಯರ್‌ಫೋನನ್ನೂ ಬಿಡುಗಡೆ ಮಾಡಿತು. ತಂತಿಯದಕ್ಕೆ ಆಗ 29 ಡಾಲರ್. ತಂತಿಯದು ಬ್ಯಾಟರಿ ಬೇಡದೆ ವರ್ಷಗಟ್ಟಲೆ ನಡೆಯುತ್ತದೆ. ತಂತಿಯಿಲ್ಲದ್ದರಲ್ಲಿ ಬಿಚ್ಚಲು ಬಾರದ ಪುಟ್ಟ ಬ್ಯಾಟರಿಯಿದೆ, ಅದು ಸೋತ ದಿನ ಇಯರ್‌ಫೋನಿನ ಆಯುಷ್ಯವೂ ಮುಗಿದಂತೆ. ಈ ದಾರಿಯನ್ನು ಮೊದಲು ಗೇಲಿ ಮಾಡಿದ ಕಂಪೆನಿಗಳೇ ಆಮೇಲೆ ಅದನ್ನು ಹಿಡಿದವು.

2020ರ ಅಕ್ಟೋಬರ್‌ನಲ್ಲಿ ಐಫೋನ್ 12ರ ಡಬ್ಬಿಯಿಂದ ಚಾರ್ಜರೂ ಹೋಯಿತು. ಪರಿಸರಕ್ಕೆ ಒಳ್ಳೆಯದು, ಎಲ್ಲರ ಮನೆಯಲ್ಲೂ ಹಳೆಯ ಚಾರ್ಜರುಗಳಿವೆ ಎಂಬ ಕಾರಣ ಬಂತು. ನಮ್ಮ ಮನೆಯ ಮೇಜಿನ ಖಾನೆ ನೋಡಿದರೆ ಆ ಮಾತಿನಲ್ಲಿ ಹುರುಳಿದೆ. ಆದರೆ ಡಬ್ಬಿಯಲ್ಲಿ ಕೊಟ್ಟ ತಂತಿಯ ತುದಿ ಹೊಸ ನಮೂನೆಯದು, ಬಹುಪಾಲು ಜನರ ಹಳೆಯ ಚಾರ್ಜರಿಗೆ ಅದು ಹೊಂದುತ್ತಲೇ ಇರಲಿಲ್ಲ. ಹೊಸ ಚಾರ್ಜರಿಗೆ ಬೇರೆಯಾಗಿ 19 ಡಾಲರ್. ತೆಗೆದುಹಾಕಿದ ವಸ್ತುವಿನ ಬೆಲೆಯನ್ನು ಗ್ರಾಹಕನಿಗೆ ಇಳಿಸಿಕೊಟ್ಟಿದ್ದರೆ ಪರಿಸರದ ಮಾತನ್ನು ಪೂರ್ತಿ ನಂಬಬಹುದಿತ್ತು. ಬ್ರೆಜಿಲ್ ಸರ್ಕಾರ ನಂಬಲಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ 1.2 ಕೋಟಿ ರಿಯಾಲ್‌ಗೂ ಹೆಚ್ಚು ದಂಡ ಹಾಕಿ, ಚಾರ್ಜರ್ ಇಲ್ಲದ ಐಫೋನ್ ಮಾರಬಾರದೆಂದು ಆದೇಶಿಸಿತು.

ಓದುವ ಮಕ್ಕಳಿರುವ ಮನೆಗೆ ಹೆಚ್ಚು ತಟ್ಟುವುದು ಲ್ಯಾಪ್‌ಟಾಪಿನ ಮೆಮೊರಿಯ ಲೆಕ್ಕ. ಹಿಂದೆ 4 ಜಿಬಿ ಮೆಮೊರಿಯ ಯಂತ್ರ ಕೊಂಡು, ಎರಡು ವರ್ಷದ ಮೇಲೆ ಕೈಯಲ್ಲಿ ಕಾಸಿದ್ದಾಗ ಇನ್ನೊಂದು ಪಟ್ಟಿ ಕೊಂಡು ಸಿಕ್ಕಿಸಬಹುದಿತ್ತು. 2012ರಲ್ಲಿ ಬಂದ ರೆಟಿನಾ ಪರದೆಯ ಮ್ಯಾಕ್‌ಬುಕ್ ಪ್ರೊದಲ್ಲಿ ಮೆಮೊರಿಯನ್ನು ಮುಖ್ಯ ಫಲಕಕ್ಕೇ ಬೆಸೆದಿದ್ದರು. ಈಗ ತೆಳ್ಳನೆಯ ಬಹಳಷ್ಟು ಲ್ಯಾಪ್‌ಟಾಪುಗಳು ಹಾಗೆಯೇ. ಬೆಸೆದ ಮೆಮೊರಿ ವೇಗವಾಗಿ ಕೆಲಸ ಮಾಡುತ್ತದೆ, ವಿದ್ಯುತ್ ಉಳಿಸುತ್ತದೆ ಎಂಬುದು ನಿಜ. ಆದರೆ ಆಮೇಲೆ ಸೇರಿಸಲು ಬಾರದು ಎಂದಾದಾಗ ಕೊಳ್ಳುವ ದಿನ ಕಂಪೆನಿ ಹೇಳಿದ್ದೇ ದರ. 8 ಜಿಬಿಯಿಂದ 16 ಜಿಬಿಗೆ ಏರಲು ಮ್ಯಾಕ್‌ಬುಕ್ಕಿಗೆ ನಮ್ಮಲ್ಲಿ 20,000 ರೂಪಾಯಿ ಹೆಚ್ಚು ಕೊಡಬೇಕಿತ್ತು. ವರ್ಷಗಟ್ಟಲೆ ಬಳಕೆದಾರರು ಗೊಣಗಿದರು. 2024ರ ಅಕ್ಟೋಬರ್‌ನಲ್ಲಿ ಹಳೆಯ ಬೆಲೆಗೇ 16 ಜಿಬಿ ಕೊಡುವುದು ಸಾಧ್ಯವಾಯಿತು! ಕೊಡಲು ಆಗದೆ ಇದ್ದದ್ದಲ್ಲ ಎಂದಾಯಿತು.

ಅಗ್ಗದ ಯಂತ್ರ, ದುಬಾರಿ ಶಾಯಿ

ಮೂರನೆಯ ಬಗೆ ಎಲ್ಲಕ್ಕಿಂತ ಜಾಣತನದ್ದು. ಯಂತ್ರವನ್ನು ಅಗ್ಗಕ್ಕೆ ಕೊಟ್ಟು, ಅದು ತಿನ್ನುವ ಮೇವನ್ನು ದುಬಾರಿಯಾಗಿಸುವುದು. ಕೋವಿಡ್ ಕಾಲದಲ್ಲಿ ಮಕ್ಕಳ ಪಾಠ ಮನೆಗೆ ಬಂದಾಗ ಎಷ್ಟೋ ಮಂದಿ ಸಣ್ಣ ಪ್ರಿಂಟರ್ ಕೊಂಡರು. ಲೆಕ್ಕ ಸರಳ. ಒಂದು ಶಾಯಿ ಡಬ್ಬಿಗೆ 900 ರೂಪಾಯಿ, ಅದು 120 ಪುಟ ಮುದ್ರಿಸುತ್ತದೆ ಎಂದುಕೊಳ್ಳಿ. ಪುಟಕ್ಕೆ ಏಳೂವರೆ ರೂಪಾಯಿ! ಬೀದಿಯ ಕೊನೆಯ ಜೆರಾಕ್ಸ್ ಅಂಗಡಿಯವರು ಎಷ್ಟೋ ವಾಸಿ.

ಬೇರೆಯವರ ಶಾಯಿ ಹಾಕೋಣವೆಂದರೆ ಅದಕ್ಕೂ ಬೀಗ ಉಂಟು. 2016ರ ಸೆಪ್ಟೆಂಬರ್‌ನಲ್ಲಿ ಎಚ್‌ಪಿ ಕಂಪೆನಿಯ ಕೆಲವು ಪ್ರಿಂಟರುಗಳು ಒಂದು ದಿನ ಇದ್ದಕ್ಕಿದ್ದಂತೆ ಬೇರೆ ಕಂಪೆನಿಯ ಶಾಯಿ ಡಬ್ಬಿಗಳನ್ನು ಒಲ್ಲೆ ಎಂದವು. ಯಂತ್ರದೊಳಗಿನ ತಂತ್ರಾಂಶದ ಕೆಲಸ ಅದು. ಸುರಕ್ಷತೆಗಾಗಿ, ಗುಣಮಟ್ಟಕ್ಕಾಗಿ ಎಂದು ಕಂಪೆನಿ ಹೇಳಿತು. ಆದರೆ ಅದರ ಆಗಿನ ಮುಖ್ಯಸ್ಥರು 2024ರ ಜನವರಿಯಲ್ಲಿ ಟಿವಿ ಸಂದರ್ಶನವೊಂದರಲ್ಲಿ ಇನ್ನೂ ನೇರವಾಗಿ ಮಾತನಾಡಿದರು. ಗ್ರಾಹಕರು ಸಾಕಷ್ಟು ಮುದ್ರಿಸದಿದ್ದರೆ, ನಮ್ಮ ಶಾಯಿ ಬಳಸದಿದ್ದರೆ ನಾವು ಅವರ ಮೇಲೆ ಹೂಡಿದ್ದು ನಷ್ಟದ ಹೂಡಿಕೆ ಎಂಬುದು ಅವರ ಮಾತಿನ ಸಾರ. ಅಂಗಡಿಯಲ್ಲಿ ಪ್ರಿಂಟರ್ ಕೊಳ್ಳುವಾಗ ನಾವು ವಸ್ತುವನ್ನು ಕೊಳ್ಳುತ್ತಿದ್ದೇವೆ ಎಂದುಕೊಂಡಿರುತ್ತೇವೆ. ಅವರ ಲೆಕ್ಕದಲ್ಲಿ ಅವರು ನಮ್ಮನ್ನು ಕೊಂಡಿರುತ್ತಾರೆ.

ಆದರೆ ಈ ಕಥೆಗೆ ಒಂದು ಒಳ್ಳೆಯ ತಿರುವು ಇದೆ. ಇಂಡೊನೇಷ್ಯಾದಲ್ಲಿ ಶಾಯಿಯ ಬೆಲೆಗೆ ಬೇಸತ್ತ ಜನ ಪ್ರಿಂಟರಿಗೆ ನಳಿಕೆ ಜೋಡಿಸಿ, ಪಕ್ಕದಲ್ಲಿ ಶಾಯಿಯ ಬಾಟಲಿಗಳನ್ನಿಟ್ಟು ತಮ್ಮ ದಾರಿ ತಾವೇ ಮಾಡಿಕೊಂಡರು. ಅದನ್ನು ಕಂಡ ಎಪ್ಸನ್ ಕಂಪೆನಿ 2010ರಲ್ಲಿ ಅದೇ ದೇಶದಲ್ಲಿ, ಬಾಟಲಿಯಿಂದ ಶಾಯಿ ಸುರಿದುಕೊಳ್ಳುವ ಟ್ಯಾಂಕ್ ಇರುವ ಪ್ರಿಂಟರನ್ನು ತಾನೇ ತಂದಿತು. ಯಂತ್ರಕ್ಕೆ ಬೆಲೆ ಹೆಚ್ಚು, ಶಾಯಿಗೆ ಕಡಿಮೆ. ನಮ್ಮ ಊರುಗಳ ಅಂಗಡಿ, ಕಚೇರಿಗಳಲ್ಲಿ ಈಗ ಕಾಣುವುದು ಹೆಚ್ಚಾಗಿ ಇಂಥವೇ. ಬಳಕೆದಾರರ ಹಟ ಒಂದು ವಿನ್ಯಾಸವನ್ನೇ ಹುಟ್ಟಿಸಿತು.

ಕಾನೂನು ಏನು ಹೇಳುತ್ತದೆ?

ಗ್ರಾಹಕರ ಹಟದ ಜೊತೆಗೆ ಕಾನೂನೂ ಸೇರಿದರೆ ಕೆಲಸ ಬೇಗ ಆಗುತ್ತದೆ. ಐರೋಪ್ಯ ಒಕ್ಕೂಟ 2024ರ ಡಿಸೆಂಬರ್ 28ರಿಂದ ಫೋನು, ಟ್ಯಾಬ್ಲೆಟ್‌ಗಳಿಗೆಲ್ಲ ಒಂದೇ ನಮೂನೆಯ ಟೈಪ್-ಸಿ ಚಾರ್ಜಿಂಗ್ ಕಡ್ಡಾಯ ಮಾಡಿತು. ಲ್ಯಾಪ್‌ಟಾಪುಗಳಿಗೆ 2026ರ ಏಪ್ರಿಲ್ ಗಡುವು ಇಟ್ಟಿತು. ಈ ನಿಯಮ ಬರುತ್ತದೆಂದು ಗೊತ್ತಾಗಿಯೇ 2023ರಲ್ಲಿ ಐಫೋನ್ ಸಹ ತನ್ನ ಸ್ವಂತ ನಮೂನೆ ಬಿಟ್ಟಿತು. ಅದರ ಲಾಭ ನಮಗೂ ಸಿಕ್ಕಿತು. 2027ರ ಫೆಬ್ರುವರಿಯಿಂದ ಅಲ್ಲಿ ಮಾರುವ ಉಪಕರಣಗಳ ಬ್ಯಾಟರಿಯನ್ನು ಬಳಕೆದಾರರೇ ಬದಲಿಸುವಂತಿರಬೇಕು ಎಂಬ, ಕೆಲವು ವಿನಾಯಿತಿಗಳುಳ್ಳ, ನಿಯಮವನ್ನೂ ಮಾಡಿದ್ದಾರೆ. ಫ್ರಾನ್ಸ್‌ನಲ್ಲಿ 2021ರ ಜನವರಿಯಿಂದ ಫೋನು, ಲ್ಯಾಪ್‌ಟಾಪು, ಟಿವಿ ಮೊದಲಾದವುಗಳಿಗೆ, ಇದನ್ನು ರಿಪೇರಿ ಮಾಡುವುದು ಎಷ್ಟು ಸುಲಭ ಎಂದು ಹತ್ತಕ್ಕೆ ಇಷ್ಟು ಅಂಕ ಕೊಟ್ಟು ಬೆಲೆಯ ಪಕ್ಕದಲ್ಲೇ ತೋರಿಸುವ ಪದ್ಧತಿ ಬಂತು.

ನಮ್ಮಲ್ಲಿ? ಪೊಟ್ಟಣದ ಮೇಲೆ ಗರಿಷ್ಠ ಮಾರಾಟ ಬೆಲೆ ಅಚ್ಚು ಹಾಕಬೇಕೆಂಬ ಕಟ್ಟುನಿಟ್ಟು ಇದೆ. ಬ್ಯಾಟರಿ ಬದಲಿಸಲು ಎಷ್ಟಾಗುತ್ತದೆ ಎಂದು ಅಚ್ಚು ಹಾಕುವ ಪದ್ಧತಿಯಿಲ್ಲ. ಆದರೂ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ‘ರಿಪೇರಿಯ ಹಕ್ಕು’ ಕುರಿತು ಸಮಿತಿ ರಚಿಸಿತು. ಅದೇ ವರ್ಷದ ಡಿಸೆಂಬರ್ 24ರಂದು, ರಾಷ್ಟ್ರೀಯ ಗ್ರಾಹಕ ದಿನ, ಅದಕ್ಕಾಗಿ ಒಂದು ಜಾಲತಾಣ ತೆರೆಯಿತು. ಕಂಪೆನಿಗಳ ವಾರಂಟಿ, ಬಿಡಿಭಾಗ, ಸೇವಾಕೇಂದ್ರಗಳ ವಿವರ ಒಂದೆಡೆ ಸಿಗಲಿ ಎಂಬುದು ಉದ್ದೇಶ. ಫ್ರಾನ್ಸ್ ಮಾದರಿಯ ಅಂಕಪಟ್ಟಿಯ ಬಗ್ಗೆ ಇನ್ನೊಂದು ಸಮಿತಿ 2025ರ ಮೇ ತಿಂಗಳಲ್ಲಿ ವರದಿ ಕೊಟ್ಟಿತು. ಮಕ್ಕಳಿಗೆ ಅಂಕಪಟ್ಟಿ ಕೇಳುವ ನಾವು ಯಂತ್ರಗಳಿಗೂ ಅಂಕಪಟ್ಟಿ ಕೇಳಬೇಕಾದ್ದು ನ್ಯಾಯವೇ.

ಕೊಳ್ಳುವ ಮುನ್ನ

ಈಗ ಪೋಷಕರಿಗೆ, ವಿದ್ಯಾರ್ಥಿಗಳಿಗೆ ನಾಲ್ಕು ಮಾತು. ಮೊದಲನೆಯದು ಬ್ಯಾಟರಿ. ಪೂರ್ತಿ ಖಾಲಿಯಾಗಿ ಪೂರ್ತಿ ತುಂಬುವುದನ್ನು ಒಂದು ಸುತ್ತು ಎಂದು ಎಣಿಸಿದರೆ, ಸುಮಾರು 500ರಿಂದ 1,000 ಸುತ್ತಿನ ಹೊತ್ತಿಗೆ ಇಂದಿನ ಬ್ಯಾಟರಿಗಳ ಶಕ್ತಿ ಐದನೇ ಒಂದು ಭಾಗದಷ್ಟು ಕುಗ್ಗುತ್ತದೆ. ದಿನಕ್ಕೊಂದು ಸುತ್ತಾದರೆ ಒಂದೂವರೆಯಿಂದ ಮೂರು ವರ್ಷ. ಎಂಜಿನಿಯರಿಂಗ್ ಓದು ನಾಲ್ಕು ವರ್ಷ. ಅಂದರೆ ಪದವಿ ಮುಗಿಯುವುದರೊಳಗೆ ಒಮ್ಮೆ ಬ್ಯಾಟರಿ ಬದಲಿಸಬೇಕಾದೀತು. ಅದರ ದರ ಎಷ್ಟು, ನಿಮ್ಮ ಊರಿನಲ್ಲೋ ಜಿಲ್ಲಾ ಕೇಂದ್ರದಲ್ಲೋ ಆ ಕೆಲಸ ಆಗುತ್ತದೆಯೇ ಎಂದು ಹಣ ಕೊಡುವ ಮೊದಲೇ ಕೇಳಿ.

ಎರಡನೆಯದು, ಮೆಮೊರಿ ಮತ್ತು ಡಿಸ್ಕ್ ಆಮೇಲೆ ಹೆಚ್ಚಿಸಬಹುದೇ ಎಂದು ಕೇಳಿ. ಬರುತ್ತದೆಂದಾದರೆ ಇಂದು ಕಡಿಮೆಯದನ್ನು ಕೊಂಡು ಹಣ ಉಳಿಸಬಹುದು. ಬಾರದು ಎಂದಾದರೆ ನಾಲ್ಕು ವರ್ಷಕ್ಕೆ ಸಾಕಾಗುವಷ್ಟನ್ನು ಇಂದೇ ಕೊಳ್ಳಬೇಕು. ಮೂರನೆಯದು, ಕೀಬೋರ್ಡ್ ಮತ್ತು ಪರದೆಯ ದರ. ಹಾಸ್ಟೆಲಿನ ಮಂಚದ ಮೇಲೆ ಬಳಸುವ ಯಂತ್ರದಲ್ಲಿ ಬೇಗ ಕೆಡುವುದು ಇವೇ ಎರಡು.

ನಾಲ್ಕನೆಯದು ಕಂತು. ಬಡ್ಡಿಯಿಲ್ಲದ ಕಂತು ಎಂಬ ಫಲಕ ಕಂಡೊಡನೆ ಮೂವತ್ತು ಸಾವಿರಕ್ಕೆಂದು ಹೋದವರು ಐವತ್ತು ಸಾವಿರದ್ದನ್ನು ಹಿಡಿದು ಬರುತ್ತಾರೆ. ಸೊನ್ನೆ ಬಡ್ಡಿ ಎಂಬುದೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಎಚ್ಚರಿಸಿತ್ತು. ಬಡ್ಡಿ ಎಲ್ಲೋ ಒಂದು ಕಡೆ, ಶುಲ್ಕದಲ್ಲೋ ಸಿಗದೆ ಹೋದ ರಿಯಾಯಿತಿಯಲ್ಲೋ ಅಡಗಿರುತ್ತದೆ. ಒಟ್ಟು ಮೊತ್ತ ಎಷ್ಟು, ಈಗಲೇ ಪೂರ್ತಿ ಕೊಟ್ಟರೆ ಎಷ್ಟು ಎಂದು ಎರಡನ್ನೂ ಬರೆಸಿಕೊಂಡು ಹೋಲಿಸಿ.

ಅನ್ಯಾಯವಾಯಿತೆಂದು ಕಂಡರೆ ಸುಮ್ಮನಿರಬೇಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. 5 ಲಕ್ಷ ರೂಪಾಯಿವರೆಗಿನ ವಸ್ತುವಿಗೆ ಶುಲ್ಕವಿಲ್ಲ, ವಕೀಲರೇ ಬೇಕೆಂದೂ ಇಲ್ಲ. ರಸೀದಿಯನ್ನು ಮಾತ್ರ ಜೋಪಾನವಾಗಿಡಿ.

ಮಗಳು ಓದು ಮುಗಿಸಿ ಕೆಲಸಕ್ಕೆ ಸೇರಿದಳು. ಮೊನ್ನೆ ತಮ್ಮನಿಗೆ ಲ್ಯಾಪ್‌ಟಾಪ್ ಕೊಡಿಸಲು ತಾನೇ ಅಂಗಡಿಗೆ ಕರೆದೊಯ್ದಳು. ಮಾರುವ ಹುಡುಗ ತೂಕ, ಬಣ್ಣ, ಪರದೆಯ ಹೊಳಪು ಎಲ್ಲ ವಿವರಿಸಿ ಮುಗಿಸುವ ತನಕ ತಾಳ್ಮೆಯಿಂದ ಕೇಳಿ, ‘ಇದರ ಕೀಬೋರ್ಡ್ ಹೋದ್ರೆ ಎಷ್ಟಾಗುತ್ತೆ?’ ಎಂದಳಂತೆ. ಅವನಿಗೆ ಗೊತ್ತಿರಲಿಲ್ಲ. ‘ಹಾಗಿದ್ರೆ ಕೇಳಿ ಹೇಳಿ, ನಾವು ಕಾಯ್ತೀವಿ’ ಎಂದು ಇಬ್ಬರೂ ಅಲ್ಲೇ ಕುರ್ಚಿ ಎಳೆದುಕೊಂಡು ಕುಳಿತರಂತೆ. ಅವನು ಸೇವಾಕೇಂದ್ರಕ್ಕೆ ಫೋನು ಮಾಡಿ ಮೂರು ಮಾಡೆಲ್‌ಗಳ ದರ ಬರೆದು ತಂದ. ಅವುಗಳಲ್ಲಿ ಸ್ಕ್ರೂ ಹಾಕಿದ ಕೀಬೋರ್ಡಿನ, ಸ್ವಲ್ಪ ದಪ್ಪನೆಯ ಲ್ಯಾಪ್‌ಟಾಪು ಈಗ ನಮ್ಮ ಮನೆಯಲ್ಲಿದೆ.